ಮೂಗಿನ ಮೇಲೆ ಅರ್ಧ ಕಿಲೋ

1995ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ವರ್ಚುವಲ್ ಬಾಯ್’ ಅಂತ ಒಂದು ಆಟದ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದಲ್ಲಿ ಅದರ ಬೆಲೆ 180 ಡಾಲರ್. ಟಿ.ವಿ. ಬೇಡ, ಕಂಪ್ಯೂಟರ್ ಬೇಡ, ಆರು ಸೆಲ್ ಹಾಕಿದರೆ ಸಾಕು. ಮೇಜಿನ ಮೇಲೆ ಕಾಲೂರಿ ನಿಂತ ಆ ಡಬ್ಬಿಗೆ ಮುಖ ಒತ್ತಿ ಕೂತರೆ ಕತ್ತಲೆಯಲ್ಲಿ ಕೆಂಪು ಗೆರೆಗಳು ಹತ್ತಿರ, ದೂರ ಅಂತ ಬೇರೆ ಬೇರೆ ಆಳದಲ್ಲಿ ಕಾಣುತ್ತಿದ್ದವು. ಕೆಂಪೊಂದೇ ಯಾಕೆಂದರೆ ಆಗ ಅಗ್ಗಕ್ಕೆ ಸಿಗುತ್ತಿದ್ದದ್ದು ಕೆಂಪು ಎಲ್‌ಇಡಿ. ಕತ್ತು ನೋವು, ತಲೆನೋವು, ಕಣ್ಣುರಿ ಅಂತ ಆಡಿದವರು ಗೊಣಗಿದರು. ಹತ್ತು ಲಕ್ಷವೂ ಮಾರಾಟವಾಗಲಿಲ್ಲ. ಮರುವರ್ಷದ ಹೊತ್ತಿಗೆ ಅದರ ಕಥೆ ಮುಗಿದಿತ್ತು.

2024ರ ಅಕ್ಟೋಬರ್ 15ರಂದು ಮೆಟಾ ಕಂಪನಿ ‘ಕ್ವೆಸ್ಟ್ 3ಎಸ್’ ಎಂಬ ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ಟನ್ನು ಮಾರಾಟಕ್ಕಿಟ್ಟಿತು. ಇದಕ್ಕೂ ಟಿ.ವಿ. ಬೇಡ, ಕಂಪ್ಯೂಟರ್ ಬೇಡ. ಆಗಿನ ಬೆಲೆ 300 ಡಾಲರಿಗೆ ಒಂದು ಸೆಂಟ್ ಕಡಿಮೆ. 1995ರ 180 ಡಾಲರನ್ನು ಹಣದುಬ್ಬರದ ಲೆಕ್ಕದಲ್ಲಿ 2024ಕ್ಕೆ ತಂದರೆ ಸುಮಾರು 370 ಡಾಲರ್ ಆಗುತ್ತದೆ. ಕೆಂಪು ಗೆರೆ ಬಿಟ್ಟು ಇನ್ನೇನೂ ತೋರಿಸದ ಆ ಡಬ್ಬಿಗಿಂತ ಇದು ಅಗ್ಗವೇ ಆಯಿತು. ಅದೂ ಎಂಥ ಯಂತ್ರ: ಕತ್ತು ತಿರುಗಿಸಿದ ಕಡೆ ಲೋಕ ತಿರುಗುತ್ತದೆ, ಕೈ ಚಾಚಿದರೆ ಒಳಗಿನ ಕೈಯೂ ಚಾಚುತ್ತದೆ, ಕೋಣೆಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಅಲ್ಲೂ ನಾಲ್ಕು ಹೆಜ್ಜೆ.

ಇಷ್ಟು ಅಗ್ಗಕ್ಕೆ ಕೊಡಬೇಕಾದರೆ ಎಲ್ಲೋ ಒಂದು ಕಡೆ ಕತ್ತರಿ ಬಿದ್ದಿರಲೇಬೇಕು. ಚಿಪ್ಪಿಗೆ ಬಿದ್ದಿಲ್ಲ. 500 ಡಾಲರಿಗೆ ಬಂದ ಕ್ವೆಸ್ಟ್ 3ರಲ್ಲಿರುವ ಸ್ನ್ಯಾಪ್‌ಡ್ರಾಗನ್ ಎಕ್ಸ್‌ಆರ್2 ಜೆನ್ 2 ಚಿಪ್ಪೇ, ಅಷ್ಟೇ 8 ಜಿಬಿ ರ‍್ಯಾಮೇ ಇದರಲ್ಲೂ ಇದೆ. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗಳೂ ಅವೇ. ಕತ್ತರಿ ಆಡಿರುವುದು ಕಣ್ಣಿಗೂ ಪರದೆಗೂ ನಡುವಿನ ಎರಡು ಬೆರಳಗಲದ ಜಾಗದಲ್ಲಿ. ಹಾಗಾಗಿ ಈ ಸಾಮಾನು ಅಗ್ಗವೋ ದುಬಾರಿಯೋ ಅನ್ನುವುದನ್ನು ಬೆಲೆಪಟ್ಟಿ ಹೇಳಲಾರದು, ಹಾಕಿಕೊಳ್ಳುವವರ ಮುಖವೇ ಹೇಳಬೇಕು.

ವೈರು ಕಳಚಿದ್ದು

ತಲೆಗೆ ಕಟ್ಟಿಕೊಳ್ಳುವ ಪರದೆಯ ಚರಿತ್ರೆ 1968ಕ್ಕೆ ಹೋಗುತ್ತದೆ. ಐವನ್ ಸದರ್ಲೆಂಡ್ ಎಂಬ ಅಮೆರಿಕನ್ ಕಂಪ್ಯೂಟರ್ ವಿಜ್ಞಾನಿ ತನ್ನ ವಿದ್ಯಾರ್ಥಿಗಳ ಜೊತೆ ಸೇರಿ ಮಾಡಿದ ಹೆಡ್‌ಸೆಟ್ ಛಾವಣಿಯಿಂದ ಕೆಳಗಿಳಿದ ಕಬ್ಬಿಣದ ತೋಳಿಗೆ ಸಿಕ್ಕಿಸಿದ್ದು. ತಲೆ ಎಲ್ಲಿದೆ ಅಂತ ಕಂಪ್ಯೂಟರಿಗೆ ಹೇಳುತ್ತಿದ್ದದ್ದು ಆ ತೋಳು. 1980ರ ದಶಕದ ಕೊನೆಗೆ ಜೇರನ್ ಲೇನಿಯರ್ ಅವರ ವಿ.ಪಿ.ಎಲ್. ಕಂಪನಿ ಹೆಡ್‌ಸೆಟ್ ಮಾರತೊಡಗಿದಾಗ ಬರೀ ತಲೆಗೆ ಹಾಕುವ ಭಾಗಕ್ಕೇ ಒಂಬತ್ತು ಸಾವಿರ ಡಾಲರಿಗೂ ಹೆಚ್ಚು. ಅದನ್ನು ನಡೆಸುವ ಕಂಪ್ಯೂಟರಿನ ಬೆಲೆ ಬೇರೆ, ಅದು ಲಕ್ಷಗಳ ಮಾತು.

ಪಾಮರ್ ಲಕ್ಕಿ ಎಂಬ ಹುಡುಗ 2012ರಲ್ಲಿ ‘ಆಕ್ಯುಲಸ್ ರಿಫ್ಟ್’ಗಾಗಿ ಜನರಿಂದ ಎರಡೂವರೆ ಲಕ್ಷ ಡಾಲರ್ ಕೇಳಿ ಸುಮಾರು 24 ಲಕ್ಷ ಎತ್ತಿದ. 2014ರಲ್ಲಿ ಫೇಸ್‌ಬುಕ್ (ಇಂದಿನ ಮೆಟಾ) ಆ ಕಂಪನಿಯನ್ನೇ 200 ಕೋಟಿ ಡಾಲರಿನ ಒಪ್ಪಂದದಲ್ಲಿ ಕೊಂಡಿತು. 2016ರಲ್ಲಿ ರಿಫ್ಟ್ ಅಂಗಡಿಗೆ ಬಂದಾಗ ಬೆಲೆ 599 ಡಾಲರ್. ಅದರ ಹಿಂದೆ ಸಾವಿರ ಡಾಲರಿನ ಆಸುಪಾಸಿನ ಗೇಮಿಂಗ್ ಕಂಪ್ಯೂಟರ್ ಇರಬೇಕು, ಮೇಜಿನ ಮೇಲೆ ನಮ್ಮನ್ನೇ ದಿಟ್ಟಿಸುವ ಸೆನ್ಸರ್ ಇರಬೇಕು, ಬೆನ್ನ ಹಿಂದೆ ಬಾಲದಂತೆ ಕೇಬಲ್ ಎಳೆಯುತ್ತಿರಬೇಕು.

ಅಗ್ಗದ ದಾರಿ ಹುಡುಕಿದವರು ಮೊಬೈಲಿನ ಹಿಂದೆ ಹೋದರು. 2014ರಲ್ಲಿ ಗೂಗಲ್ ರಟ್ಟಿನ ಪೆಟ್ಟಿಗೆಗೆ ಎರಡು ಗಾಜು ಹಾಕಿ ‘ಕಾರ್ಡ್‌ಬೋರ್ಡ್’ ಅಂತ ಕೊಟ್ಟಿತು. ನಮ್ಮಲ್ಲಿ 2023ರ ಐಪಿಎಲ್ ಹೊತ್ತಿಗೆ 1,299 ರೂಪಾಯಿಗೆ ಬಂದ ‘ಜಿಯೋಡೈವ್’ ಕೂಡ ಇದೇ ಜಾತಿ. ಪರದೆಯ ಜಾಗಕ್ಕೆ ಮೊಬೈಲ್ ಸಿಕ್ಕಿಸಿದರೆ ಕ್ರಿಕೆಟ್ ಮೈದಾನದ ನಡುವೆ ಕೂತಂತೆ ಕಾಣುತ್ತದೆ. ಆದರೆ ಇವೆಲ್ಲ ತಲೆ ಯಾವ ಕಡೆ ತಿರುಗಿತು ಅನ್ನುವುದನ್ನಷ್ಟೇ ಬಲ್ಲವು. ತಲೆ ಮುಂದಕ್ಕೆ ಬಾಗಿತೇ, ಆಳು ಎದ್ದು ನಿಂತನೇ ಅನ್ನುವುದು ಅವಕ್ಕೆ ತಿಳಿಯದು. ಬಾಗಿ ನೋಡಲು ಹೋದರೆ ಇಡೀ ಲೋಕವೇ ನಮ್ಮ ಜೊತೆ ಬಾಗುತ್ತದೆ. ಹೊಟ್ಟೆ ತೊಳಸುವುದಕ್ಕೆ ಇಷ್ಟೇ ಸಾಕು. 2018ರಲ್ಲಿ 199 ಡಾಲರಿಗೆ ಬಂದ ‘ಆಕ್ಯುಲಸ್ ಗೋ’ ಮೊಬೈಲಿನ ಹಂಗು ಬಿಟ್ಟರೂ ಈ ಕುರುಡನ್ನು ಉಳಿಸಿಕೊಂಡೇ ಇತ್ತು. ಅಷ್ಟಾದರೂ ವಾಲ್‌ಮಾರ್ಟ್ ಕಂಪನಿ ತನ್ನ ಅಂಗಡಿ ಸಿಬ್ಬಂದಿಗೆ ತರಬೇತಿ ಕೊಡಲು 17,000 ಗೋ ಹೆಡ್‌ಸೆಟ್ ತರಿಸಿಕೊಂಡಿತು. ಕಂಪ್ಯೂಟರ್, ಕೇಬಲ್ ಇದ್ದಿದ್ದರೆ ಸಾವಿರಾರು ಅಂಗಡಿಗಳ ಹಿಂಬದಿ ಕೋಣೆಗಳಿಗೆ ಅದನ್ನು ಮುಟ್ಟಿಸುವುದು ಆಗುತ್ತಿರಲಿಲ್ಲ. ಒಂಟಿಯಾಗಿ ನಿಲ್ಲುವ ಹೆಡ್‌ಸೆಟ್ಟಿನ ಮೊದಲ ದೊಡ್ಡ ಲಾಭ ಆಟದಲ್ಲಿ ಕಾಣಲಿಲ್ಲ, ಇಂಥ ಸಾಗಾಟದ ಸಲೀಸಿನಲ್ಲಿ ಕಂಡಿತು.

ಕುರುಡು ನೀಗಿದ್ದು 2019ರ ಮೇ ತಿಂಗಳಲ್ಲಿ ಬಂದ ಮೊದಲ ಕ್ವೆಸ್ಟ್‌ನಲ್ಲಿ, 399 ಡಾಲರಿಗೆ. ಹೆಡ್‌ಸೆಟ್ಟಿನ ಹೊರಮೈಯ ನಾಲ್ಕು ಮೂಲೆಯಲ್ಲಿ ನಾಲ್ಕು ಕ್ಯಾಮೆರಾ. ಅವು ಕೋಣೆಯ ಗೋಡೆಯ ಅಂಚು, ಬಾಗಿಲ ಚೌಕಟ್ಟು, ಕ್ಯಾಲೆಂಡರಿನ ಮೂಲೆ ಇಂಥವನ್ನು ಗುರುತಿಟ್ಟುಕೊಳ್ಳುತ್ತವೆ. ನಾವು ಅಲುಗಿದಾಗ ಆ ಗುರುತುಗಳು ಎಷ್ಟು ಸರಿದವು ಅಂತ ನೋಡಿ, ಒಳಗಿನ ಚಲನೆ ಅಳೆಯುವ ಸೆನ್ಸರಿನ ಲೆಕ್ಕದ ಜೊತೆ ತಾಳೆ ಹಾಕಿ, ತಲೆ ಎಲ್ಲಿದೆ ಅಂತ ಕಂಡುಹಿಡಿಯುತ್ತವೆ. ಸೆಕೆಂಡಿನ ಐವತ್ತನೇ ಒಂದು ಭಾಗದೊಳಗೆ ಇದೆಲ್ಲ ಮುಗಿದು ಹೊಸ ಚಿತ್ರ ಕಣ್ಣಿಗೆ ಬೀಳಬೇಕು. ತಡವಾದರೆ ಮೈಗೆ ಗೊತ್ತಾಗಿಬಿಡುತ್ತದೆ. ಏನೂ ಗುರುತಿಲ್ಲದ ಬರೀ ಬಿಳಿ ಗೋಡೆಯ ಖಾಲಿ ಕೋಣೆಯಲ್ಲಿ ಇದು ತಡವರಿಸುವುದು, ದೊಡ್ಡ ಕನ್ನಡಿ ಎದುರು ನಿಂತರೆ ಗಲಿಬಿಲಿಗೊಳ್ಳುವುದು ಇದೇ ಕಾರಣಕ್ಕೆ. ಸಾಮಾನು ತುಂಬಿದ ನಮ್ಮ ಹಾಲ್‌ಗಳು ಈ ವಿಷಯದಲ್ಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಕೈ ಬೀಸಲು ಜಾಗ ಸಿಗಬೇಕು ಅಷ್ಟೆ.

2020ರ ಕ್ವೆಸ್ಟ್ 2 ಬೆಲೆಯನ್ನು 299ಕ್ಕೆ ಇಳಿಸಿತು. ಜನ ಮುಗಿಬಿದ್ದದ್ದು ಆಗ. 3ಎಸ್ ಅಂದರೆ ಆ ಕ್ವೆಸ್ಟ್ 2ರ ಕಣ್ಣಿಗೆ ಕ್ವೆಸ್ಟ್ 3ರ ಮೆದುಳು ಜೋಡಿಸಿದ್ದು.

ಎರಡು ಬೆರಳಗಲದ ಕತ್ತರಿ

3ಎಸ್‌ನೊಳಗಿರುವುದು ಫ್ರೆನೆಲ್ ಲೆನ್ಸ್. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ಲೈಟ್‌ಹೌಸಿನ ದೀಪಕ್ಕಾಗಿ ರೂಪಿಸಿದ ಉಪಾಯ ಅದು. ದಪ್ಪ ಗಾಜಿನ ಉಬ್ಬನ್ನು ಬಳೆಬಳೆಯಾಗಿ ಕತ್ತರಿಸಿ ಚಪ್ಪಟೆಯಾಗಿ ಕೂರಿಸಿದರೆ ತೂಕ ಹೋಗುತ್ತದೆ, ಬೆಳಕನ್ನು ಬಾಗಿಸುವ ಗುಣ ಉಳಿಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಬಹುದು, ಅಗ್ಗ, ಬೆಳಕು ಪೋಲಾಗುವುದೂ ಕಡಿಮೆ. ತೊಂದರೆ ಇರುವುದು ಆ ಬಳೆಗಳ ಅಂಚಿನಲ್ಲಿ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದರೆ ಅಂಚುಗಳು ಬೆಳಕನ್ನು ಚೆದುರಿಸುತ್ತವೆ, ಅಕ್ಷರದಿಂದ ಕಿರಣಗಳು ಹೊರಟು ಹೊಗೆ ಮುಸುಕಿದಂತೆ ಕಾಣುತ್ತದೆ. ಸಿನಿಮಾದ ಕೊನೆಯ ಹೆಸರುಗಳ ಪಟ್ಟಿಯಲ್ಲಿ ಇದು ಎದ್ದು ಕಾಣುತ್ತದೆ. ಲೆನ್ಸಿನ ನಟ್ಟನಡುವೆ ಚಿತ್ರ ಚೊಕ್ಕ, ಅಂಚಿಗೆ ಹೋದಂತೆ ಕಲಸಿಹೋಗುತ್ತದೆ. ಹಾಗಾಗಿ ಕಣ್ಣು ಹೊರಳಿಸಿ ನೋಡುವ ಬದಲು ಕತ್ತು ಹೊರಳಿಸಿ ನೋಡುವ ಅಭ್ಯಾಸ ತಾನಾಗಿ ಬರುತ್ತದೆ.

ಕ್ವೆಸ್ಟ್ 3ರಲ್ಲಿರುವ ‘ಪ್ಯಾನ್‌ಕೇಕ್’ ಲೆನ್ಸ್ ಬೆಳಕನ್ನು ತನ್ನ ಪದರಗಳ ನಡುವೆಯೇ ಹಿಂದೆ ಮುಂದೆ ಪುಟಿಸಿ ಕಣ್ಣಿಗೆ ಬಿಡುತ್ತದೆ. ಅಂಚಿನ ತನಕ ಚಿತ್ರ ಸ್ಪಷ್ಟ. ಹಾಗೆ ಪುಟಿಯುವಾಗ ಬೆಳಕಿನ ಬಹುಪಾಲು ನಷ್ಟವಾಗುವುದರಿಂದ ಪರದೆ ಹೆಚ್ಚು ಪ್ರಖರವಾಗಿರಬೇಕು. ಎಲ್ಲ ಸೇರಿ ದುಬಾರಿ. ಎರಡು ಹೆಡ್‌ಸೆಟ್ಟುಗಳ ಬೆಲೆಯ ಅಂತರಕ್ಕೆ ಮುಖ್ಯ ಕಾರಣ ಇಲ್ಲೇ ಇದೆ.

ಪರದೆಯ ಲೆಕ್ಕ ಇನ್ನೂ ಸರಳ. 3ಎಸ್‌ನಲ್ಲಿ ಒಂದು ಕಣ್ಣಿಗೆ ಅಡ್ಡಕ್ಕೆ 1832 ಚುಕ್ಕೆ, ಅದು ಹರಡುವುದು ಸುಮಾರು 96 ಡಿಗ್ರಿ ಅಗಲಕ್ಕೆ. ಭಾಗಿಸಿದರೆ ಒಂದು ಡಿಗ್ರಿಗೆ ಇಪ್ಪತ್ತು ಚುಕ್ಕೆಯ ಆಸುಪಾಸು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯಲ್ಲಿ ಸುಮಾರು 60 ಚುಕ್ಕೆ ಬಿಡಿಸಿ ನೋಡಬಲ್ಲದು. ಈ ಪರದೆ ಕಣ್ಣಿನ ಮೂರನೇ ಒಂದು ಪಾಲು ಶಕ್ತಿಗಷ್ಟೇ ಕೆಲಸ ಕೊಡುತ್ತದೆ. ಆಟದಲ್ಲಿ ಇದು ನೆನಪಿಗೇ ಬರುವುದಿಲ್ಲ. ಓದಲು ಕೂತಾಗ ಬರುತ್ತದೆ. ಇದರ ಬ್ರೌಸರಿನಲ್ಲಿ ಕನ್ನಡದ ಯಾವುದಾದರೂ ಸುದ್ದಿತಾಣ ತೆರೆದು ನೋಡಿ: ಸಾಮಾನ್ಯ ಅಳತೆಯಲ್ಲಿ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ಮಸಿಯ ಮುದ್ದೆಯಾಗುತ್ತವೆ. ಕಿಟಕಿಯನ್ನು ಗೋಡೆಯಷ್ಟು ದೊಡ್ಡದು ಮಾಡಿಕೊಂಡು ಓದಬೇಕು. ಹೆಡ್‌ಸೆಟ್ ಹಾಕಿಕೊಂಡು ಆಫೀಸ್ ಕೆಲಸ ಮಾಡಬಹುದು ಎಂಬ ಜಾಹೀರಾತನ್ನು ಈ ದರ್ಜೆಯ ಪರದೆಯ ಮಟ್ಟಿಗೆ ನಾನಂತೂ ನಂಬುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಕಣ್ಣುಗಳ ಪಾಪೆಗಳ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು. ಕನ್ನಡಕದ ಅಂಗಡಿಯವರು ಸ್ಕೇಲ್ ಹಿಡಿದು ಅಳೆಯುವುದು ಇದನ್ನೇ. ದೊಡ್ಡವರಲ್ಲಿ ಸರಾಸರಿ 63 ಮಿಲಿಮೀಟರ್, ಹೆಂಗಸರಲ್ಲಿ ತುಸು ಕಡಿಮೆ. ಲೆನ್ಸಿನ ನಡುವೂ ಪಾಪೆಯ ನಡುವೂ ಒಂದೇ ಗೆರೆಯಲ್ಲಿ ಕೂರದಿದ್ದರೆ ಚಿತ್ರ ಮಂಕಾಗುತ್ತದೆ, ಕಣ್ಣು ಸೆಳೆಯುತ್ತದೆ, ಕೆಲವರಿಗೆ ವಾಕರಿಕೆ. ಕ್ವೆಸ್ಟ್ 3ರಲ್ಲಿ ಒಂದು ಗಾಲಿ ತಿರುಗಿಸಿ ಬೇಕಾದ ಅಂತರಕ್ಕೆ ತಂದುಕೊಳ್ಳಬಹುದು. 3ಎಸ್‌ನಲ್ಲಿ ಎರಡು ಕಣ್ಣಿಗೂ ಸೇರಿ ಒಂದೇ ಪರದೆ. ಹೆಬ್ಬೆರಳಿನಿಂದ ಲೆನ್ಸಿನ ಚೌಕಟ್ಟನ್ನು ಒತ್ತಿ ಸರಿಸಿದರೆ ಕಟಕ್ ಅಂತ ಮೂರು ಜಾಗದಲ್ಲಿ ನಿಲ್ಲುತ್ತದೆ: 58, 63, 68. ನಿಮ್ಮದು 60 ಆದರೆ ಎರಡರ ನಡುವೆ ಸಿಕ್ಕಿಬಿದ್ದಿರಿ. 55 ಆದರೆ ನಿಮಗೆ ಇದರಲ್ಲಿ ಜಾಗವೇ ಇಲ್ಲ.

ಹೆಂಗಸರಿಗೆ ವಿ.ಆರ್. ಹೆಚ್ಚು ತಲೆಸುತ್ತು ತರಿಸುತ್ತದೆ ಎಂಬ ಮಾತು ಬಹಳ ಕಾಲದಿಂದ ಇತ್ತು, ಅದು ಹೆಂಗಸರ ಮೈಯ ದೋಷವೇನೋ ಎಂಬಂತೆ. 2020ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಬೇರೆಯದನ್ನೇ ಹೇಳಿತು. ಲೆನ್ಸಿನ ಅಂತರ ಕಣ್ಣಿಗೆ ಹೊಂದದಿರುವುದೇ ಆ ವ್ಯತ್ಯಾಸಕ್ಕೆ ಮುಖ್ಯ ಕಾರಣ, ಅಂತರ ಸರಿಹೊಂದಿದ ಹೆಂಗಸರಿಗೂ ಗಂಡಸರಿಗೂ ಆಗುವ ತೊಂದರೆ ಹೆಚ್ಚುಕಡಿಮೆ ಒಂದೇ ಎಂದು. ದೋಷ ಮುಖದ್ದಲ್ಲ, ಯಂತ್ರದ್ದು. ಇಷ್ಟು ಗೊತ್ತಾದ ಮೇಲೂ ಅಗ್ಗದ ಹೆಡ್‌ಸೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದು ಈ ಹೊಂದಾಣಿಕೆಗೇ. ಇನ್ನೊಂದು ವಿಚಿತ್ರ: 13 ವರ್ಷ ಎಂದಿದ್ದ ವಯಸ್ಸಿನ ಮಿತಿಯನ್ನು ಮೆಟಾ 2023ರಲ್ಲಿ 10ಕ್ಕೆ ಇಳಿಸಿತು, ಅಪ್ಪ-ಅಮ್ಮ ನಿಗಾ ಇಡುವ ಖಾತೆಯಿದ್ದರೆ ಸಾಕು ಎಂದು. ಹತ್ತು ವರ್ಷದ ಎಷ್ಟೋ ಮಕ್ಕಳ ಕಣ್ಣಂತರ 58 ಮುಟ್ಟಿರುವುದಿಲ್ಲ. ಮಕ್ಕಳಿಗೆ ಕೊಡಿಸುವ ಅಗ್ಗದ ಹೆಡ್‌ಸೆಟ್ ಮಕ್ಕಳ ಕಣ್ಣಿಗೆ ಅಳತೆ ಮಾಡಿದ್ದಲ್ಲ.

ಹೊಟ್ಟೆ, ಕತ್ತು, ಕೆನ್ನೆ

ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಪುಸ್ತಕ ಹಿಡಿದು ಕೂತವರ ಪಾಡು ಎಲ್ಲರಿಗೂ ಗೊತ್ತು. ಮೈ ಓಲಾಡುತ್ತಿದೆ ಅಂತ ಕಿವಿಯೊಳಗಿನ ಸಮತೋಲನದ ಅಂಗ ಹೇಳುತ್ತದೆ, ಪುಟ ಅಲುಗುತ್ತಿಲ್ಲ ಅಂತ ಕಣ್ಣು ಹೇಳುತ್ತದೆ. ವಿ.ಆರ್.ನಲ್ಲಿ ಇದು ತಿರುವುಮುರುವು. ಕಣ್ಣೆದುರು ರೋಲರ್ ಕೋಸ್ಟರ್ ಧುಮುಕುತ್ತದೆ, ಮೈ ಮಾತ್ರ ಸೋಫಾದ ಮೇಲಿದೆ. ಎರಡೂ ಜಗಳಕ್ಕೆ ಬಿದ್ದಾಗ ತೀರ್ಪು ಕೊಡುವುದು ಹೊಟ್ಟೆ.

ಇದಕ್ಕೆ ಮದ್ದು ಆಟ ಮಾಡುವವರ ಕೈಯಲ್ಲಿದೆ. ಝೆಕ್ ದೇಶದ ಸಣ್ಣ ತಂಡವೊಂದು 2018ರಲ್ಲಿ ಹೊರತಂದ ‘ಬೀಟ್ ಸೇಬರ್’ ಇಷ್ಟು ಹೆಸರು ಮಾಡಿದ್ದರ ಗುಟ್ಟಿನಲ್ಲಿ ಇದೂ ಒಂದು. ಹಾಡಿನ ತಾಳಕ್ಕೆ ತೂರಿಬರುವ ಪೆಟ್ಟಿಗೆಗಳನ್ನು ಎರಡು ಬೆಳಕಿನ ಕತ್ತಿಯಿಂದ ಸೀಳುವುದು, ಅಷ್ಟೇ ಆಟ. ನಿಂತ ಜಾಗ ಬಿಡುವಂತಿಲ್ಲ. ಕಣ್ಣು ಕಂಡದ್ದಕ್ಕೂ ಮೈ ಮಾಡಿದ್ದಕ್ಕೂ ತಾಳೆಯಾಗುತ್ತದೆ, ಜೊತೆಗೆ ಕಾಲು ಗಂಟೆಯಲ್ಲಿ ಅಂಗಿ ಒದ್ದೆ. ಹೊಸಬರು ಇಂಥದ್ದರಲ್ಲಿ ಶುರುಮಾಡಬೇಕು. ಅದು ಬಿಟ್ಟು ಯೂಟ್ಯೂಬಿನ ರೋಲರ್ ಕೋಸ್ಟರ್ ವಿಡಿಯೊ ಹಾಕಿ ಮನೆಗೆ ಬಂದ ನೆಂಟರ ತಲೆಗೆ ಕಟ್ಟುವ ಚಾಳಿ ಇದೆಯಲ್ಲ, ಎಷ್ಟೋ ಜನ ‘ಇದು ನಮಗಲ್ಲಪ್ಪ’ ಅಂತ ಶಾಶ್ವತವಾಗಿ ಕೈ ಮುಗಿದಿರುವುದು ಅದರಿಂದಲೇ.

ಒಳ್ಳೆಯ ಲೆನ್ಸಿನಿಂದಲೂ ಹೋಗದ ಒಂದು ತೊಡಕಿದೆ. ಪರದೆಯ ಚಿತ್ರ ಕಣ್ಣಿಗೆ ಒಂದೆರಡು ಮೀಟರ್ ದೂರದ ಒಂದೇ ಜಾಗದಲ್ಲಿ ಫೋಕಸ್ ಆಗುವಂತೆ ಲೆನ್ಸ್ ಕೂರಿಸಿರುತ್ತಾರೆ. ಒಳಗಿನ ಚಿಟ್ಟೆ ಮೂಗಿನ ತುದಿಗೆ ಬಂದರೆ ಎರಡೂ ಕಣ್ಣು ಒಳಕ್ಕೆ ವಾಲುತ್ತವೆ, ಫೋಕಸ್ ಮಾತ್ರ ಅಲ್ಲೇ ದೂರದಲ್ಲಿ ಇರಬೇಕು. ಹುಟ್ಟಿದಂದಿನಿಂದ ಜೊತೆಯಾಗಿ ಮಾಡಿದ ಎರಡು ಕೆಲಸಗಳನ್ನು ಬಿಡಿಸಿ ಮಾಡು ಅಂತ ಕಣ್ಣಿಗೆ ಹೇಳಿದಂತೆ. ಅರ್ಧ ಗಂಟೆಯ ಮೇಲೆ ಕಣ್ಣು ದಣಿಯುವುದರಲ್ಲಿ ಆಶ್ಚರ್ಯವಿಲ್ಲ. 3,499 ಡಾಲರಿನ ಆ್ಯಪಲ್ ವಿಷನ್ ಪ್ರೊ ಕೂಡ ಇದರಿಂದ ಪಾರಾಗಿಲ್ಲ.

ತೂಕದ ಮಾತೂ ಹಾಗೆಯೇ. 3ಎಸ್ 514 ಗ್ರಾಂ. ಆ್ಯಪಲ್‌ನದು ಬ್ಯಾಟರಿಯನ್ನು ಹೊರಗೆ ಜೇಬಿಗೆ ಹಾಕಿಕೊಂಡರೂ 600ರ ಮೇಲೆ. ಹತ್ತು ಪಟ್ಟು ದುಡ್ಡು ಸುರಿದರೂ ಹಗುರತನ ಸಿಗದು ಅನ್ನುವುದು ಅಗ್ಗದ್ದನ್ನು ಕೊಳ್ಳುವವರಿಗೆ ಸಮಾಧಾನದ ವಿಷಯವಿರಬಹುದು. ಆದರೆ ಜೊತೆಗೆ ಬರುವ ಬಟ್ಟೆಯ ಪಟ್ಟಿ ಭಾರವನ್ನೆಲ್ಲ ಮುಂದಕ್ಕೆ, ಕೆನ್ನೆಯ ಮೂಳೆಗೆ ದಾಟಿಸುತ್ತದೆ. ಬಿಗಿ ಮಾಡಿದರೆ ಮುಖದ ಮೇಲೆ ಬರೆ, ಸಡಿಲ ಬಿಟ್ಟರೆ ಚಿತ್ರ ಮಸುಕು. ಗಟ್ಟಿ ಪಟ್ಟಿ ಬೇಕಾದರೆ ಬೇರೆ ದುಡ್ಡು. ಬ್ಯಾಟರಿ ಸರಾಸರಿ ಎರಡೂವರೆ ಗಂಟೆ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ಅಷ್ಟರಲ್ಲಿ ಕತ್ತೇ ಸಾಕು ಅನ್ನುವುದರಿಂದ ಇದು ದೊಡ್ಡ ಕೊರತೆಯಾಗಿ ಕಾಣುವುದಿಲ್ಲ.

ಮುಖಕ್ಕೆ ತಾಗುವ ಮೆತ್ತೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2021ರ ಜುಲೈನಲ್ಲಿ ಕ್ವೆಸ್ಟ್ 2ರ ಫೋಮ್ ಮೆತ್ತೆಯಿಂದ ಮುಖ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ತುರಿಸುತ್ತದೆ ಅಂತ ಐದು ಸಾವಿರಕ್ಕೂ ಹೆಚ್ಚು ದೂರು ಬಂದು, ಅಮೆರಿಕದಲ್ಲಿ ಸುಮಾರು 40 ಲಕ್ಷ ಮೆತ್ತೆಗಳಿಗೆ ರೀಕಾಲ್ ಆಯಿತು. ಕೆಲವು ವಾರ ಮಾರಾಟವನ್ನೇ ನಿಲ್ಲಿಸಿ ಸಿಲಿಕೋನ್ ಕವಚ ಹಂಚಿದರು. ಮುಖದ ಮೇಲೆ ಬೆವರಿನ ಜೊತೆ ಕೂರುವ ಸಾಮಾನಿಗೆ ಮೊಬೈಲಿನ ನಿಯಮ ಸಾಲದು, ಬಟ್ಟೆ-ಚಪ್ಪಲಿಯ ನಿಯಮವೂ ಬೇಕು ಅಂತ ಉದ್ಯಮ ಕಲಿತದ್ದು ಆಗ.

ಕನ್ನಡಕದವರಿಗೆ ಇನ್ನೊಂದು ಕಿವಿಮಾತು. ಕನ್ನಡಕದ ಗಾಜು ಹೆಡ್‌ಸೆಟ್ಟಿನ ಲೆನ್ಸಿಗೆ ಉಜ್ಜಿದರೆ ಪ್ಲಾಸ್ಟಿಕ್ ಲೆನ್ಸಿಗೆ ಗೀರು ಬೀಳುತ್ತದೆ, ಅದು ಹೋಗುವುದಿಲ್ಲ. ನಂಬರಿಗೆ ಸರಿಯಾದ ಒಳಲೆನ್ಸ್ ಮಾಡಿಸಿ ಕೂರಿಸಿಕೊಳ್ಳುವುದು ಒಳ್ಳೆಯದು. ಬೆಲೆಗೆ ಅದನ್ನೂ ಕೂಡಿಸಿ.

ಸರಿ, ಇದರಿಂದ ಸಿಗುವುದೇನು

ದೂರುಗಳ ಉದ್ದ ನೋಡಿ ಇದು ಕೊಳ್ಳುವ ವಸ್ತುವೇ ಅಲ್ಲ ಅಂದುಕೊಳ್ಳಬಾರದು. ಮುಖಕ್ಕೆ ಹೊಂದಿತು ಅಂದರೆ ಈ ದುಡ್ಡಿಗೆ ಸಿಗುವ ಬೇರೆ ಯಾವ ಯಂತ್ರವೂ ಇದರ ಹತ್ತಿರ ಬರುವುದಿಲ್ಲ. ಮೊದಲ ಸಲ ಹಾಕಿದಾಗ ಹೊರಗಿನ ಕ್ಯಾಮೆರಾಗಳ ಮೂಲಕ ನಿಮ್ಮ ಕೋಣೆಯೇ ಬಣ್ಣದಲ್ಲಿ ಕಾಣುತ್ತದೆ. ನೆಲದ ಮೇಲೆ ಕಂಟ್ರೋಲರಿನಿಂದ ರಂಗೋಲಿಯ ಹಾಗೆ ಗೆರೆ ಎಳೆಯಬೇಕು, ಆಡುವ ಜಾಗ ಇಷ್ಟು ಅಂತ. ಆಮೇಲೆ ಕೋಣೆ ಮಾಯವಾಗುತ್ತದೆ. ಆಟದ ಭರದಲ್ಲಿ ಗೆರೆಯ ಹತ್ತಿರ ಹೋದರೆ ಬಲೆಯಂಥ ಗೋಡೆ ಎದ್ದು ನಿಲ್ಲುತ್ತದೆ, ಅದನ್ನೂ ದಾಟಿ ತಲೆ ಹೊರಹಾಕಿದರೆ ನಿಮ್ಮದೇ ಹಾಲಿನ ಟೀಪಾಯಿ, ಅದರ ಮೇಲಿನ ಕಾಫಿ ಲೋಟ ಪ್ರತ್ಯಕ್ಷ. ರಾತ್ರಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಈ ನೋಟ ಮರಳು ಎರಚಿದಂತೆ ಕಾಳುಕಾಳಾಗಿರುತ್ತದೆ. ಹಾಗಿದ್ದರೂ ಲೋಟ ಎತ್ತಿ ಒಂದು ಗುಟುಕು ಕುಡಿದಿಡುವಷ್ಟು ಧೈರ್ಯ ಬರುತ್ತದೆ.

ಆಟ ಇಷ್ಟವಿಲ್ಲದವರಿಗೆ ಖಾಲಿ ಚಿತ್ರಮಂದಿರದ ನಟ್ಟನಡುವಿನ ಸೀಟಿದೆ. ಮನೆಯಲ್ಲಿ ಗೇಮಿಂಗ್ ಕಂಪ್ಯೂಟರ್ ಇದ್ದವರಿಗೆ ಇನ್ನೊಂದು ಬಾಗಿಲಿದೆ: 2023ರ ಕೊನೆಯಿಂದ ಸಿಗುತ್ತಿರುವ ಉಚಿತ ‘ಸ್ಟೀಮ್ ಲಿಂಕ್’ ಆ್ಯಪ್ ಮೂಲಕ ವೈಫೈನಲ್ಲೇ ‘ಹಾಫ್-ಲೈಫ್: ಅಲಿಕ್ಸ್’ನಂಥ ಭಾರೀ ಆಟಗಳನ್ನು ಆಡಬಹುದು. ಕಂಪ್ಯೂಟರಿನಿಂದ ರೂಟರಿಗೆ ವೈರ್ ಇರಬೇಕು, ರೂಟರ್ ಅದೇ ಕೋಣೆಯಲ್ಲಿದ್ದರೆ ಚೆನ್ನ. ‘ವಾಕಬೌಟ್ ಮಿನಿ ಗಾಲ್ಫ್’ನಲ್ಲಿ ಡಲ್ಲಾಸಿನ ಮಗಳೂ ದಾವಣಗೆರೆಯ ಅಪ್ಪನೂ ಒಂದೇ ಹುಲ್ಲಿನ ಮೇಲೆ ಪಕ್ಕಪಕ್ಕದಲ್ಲಿ ನಿಂತು ಚೆಂಡು ಹೊಡೆಯಬಹುದು. ವಿಡಿಯೊ ಕಾಲ್‌ನಲ್ಲಿ ‘ಊಟ ಆಯ್ತಾ?’ ಆದ ಮೇಲೆ ಮಾತು ತಡೆಯುತ್ತದಲ್ಲ, ಕೈಗೆ ಒಂದು ಕೆಲಸ ಸಿಕ್ಕರೆ ಆ ತಡೆ ಇರುವುದಿಲ್ಲ. ನನ್ನ ಮಟ್ಟಿಗೆ ಇಡೀ ಯಂತ್ರದ ಅತ್ಯುತ್ತಮ ಉಪಯೋಗ ಇದು. ಹೆಡ್‌ಸೆಟ್ ಮಾತ್ರ ಎರಡು ಬೇಕು.

ಆಸ್ಪತ್ರೆಗಳ ಕಡೆಯಿಂದಲೂ ಸುದ್ದಿಯಿದೆ. 2021ರ ನವೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ದೀರ್ಘಕಾಲದ ಬೆನ್ನುನೋವಿಗೆ ‘ಈಸ್‌ವಿಆರ್‌ಎಕ್ಸ್’ ಎಂಬ ವಿ.ಆರ್. ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಎಂಟು ವಾರ ಮನೆಯಲ್ಲೇ ಮಾಡುವ ಕ್ರಮ ಅದು. ಉಸಿರಾಟ, ಗಮನ ಬೇರೆಡೆ ಸೆಳೆಯುವುದು, ನೋವನ್ನು ನಿಭಾಯಿಸುವ ಅಭ್ಯಾಸ ಇಂಥವು ಅದರಲ್ಲಿವೆ. ಮನೆಗೆ ಕಳಿಸಿಕೊಡಬಹುದಾದ, ತಂತಿಯಿಲ್ಲದ ಹೆಡ್‌ಸೆಟ್ ಇರದಿದ್ದರೆ ಇದು ಪ್ರಯೋಗಾಲಯ ದಾಟುತ್ತಿರಲಿಲ್ಲ.

ಉಳಿದ ದುಡ್ಡು ಯಾರು ಕೊಡುತ್ತಾರೆ?

ಮೆಟಾದ ವಿ.ಆರ್. ವಿಭಾಗವಾದ ‘ರಿಯಾಲಿಟಿ ಲ್ಯಾಬ್ಸ್’ 2024ರ ಒಂದೇ ವರ್ಷದಲ್ಲಿ 1,770 ಕೋಟಿ ಡಾಲರ್ ನಷ್ಟ ತೋರಿಸಿತು. ಅದರ ಹಿಂದಿನ ವರ್ಷ 1,610 ಕೋಟಿ. ಅಷ್ಟೂ ಹೆಡ್‌ಸೆಟ್ಟಿನ ಬೆಲೆ ಇಳಿಸಲು ಹೋದ ದುಡ್ಡಲ್ಲ, ಸಂಶೋಧನೆಯೇ ಅದರಲ್ಲಿ ದೊಡ್ಡ ಪಾಲು. ಆದರೆ ಹೆಡ್‌ಸೆಟ್ಟಿನಲ್ಲೇ ಲಾಭ ಮಾಡಬೇಕಾದ ಕಂಪನಿ ಈ ಬೆಲೆಗೆ ಇದನ್ನು ಕೊಡಲಾರದು ಅನ್ನುವುದು ಸ್ಪಷ್ಟ. ತನ್ನ ಅಂಗಡಿಯಲ್ಲಿ ಮಾರಾಟವಾಗುವ ಆಟಗಳ ಮೇಲೆ ಮೆಟಾ 30 ಪರ್ಸೆಂಟ್ ಹಿಡಿದುಕೊಳ್ಳುತ್ತದೆ. 2021ರಲ್ಲಿ ಆಟದೊಳಗೆ ಜಾಹೀರಾತು ತೂರಿಸುವ ಪ್ರಯೋಗಕ್ಕೂ ಕೈ ಹಾಕಿತು. ದುಡ್ಡು ಕೊಟ್ಟು ಕೊಂಡ ಆಟದಲ್ಲೂ ಜಾಹೀರಾತೇ ಅಂತ ಜನ ರೇಗಿದ್ದಕ್ಕೆ ಮೊದಲು ಒಪ್ಪಿದ್ದ ‘ಬ್ಲಾಸ್ಟನ್’ ಆಟದವರು ಕೆಲವೇ ದಿನಗಳಲ್ಲಿ ಹಿಂದೆ ಸರಿದರು.

ಖಾತೆಯ ಪ್ರಕರಣ ಇನ್ನೂ ದೊಡ್ಡದು. ಕ್ವೆಸ್ಟ್ 2 ಬಂದಾಗ ಫೇಸ್‌ಬುಕ್ ಖಾತೆ ಇಲ್ಲದೆ ಅದು ತೆರೆಯುತ್ತಲೇ ಇರಲಿಲ್ಲ. ಖಾತೆ ಅಮಾನತಾದರೆ ಕೊಂಡ ಆಟಗಳೂ ಹೋದವು. ಜರ್ಮನಿಯ ಸ್ಪರ್ಧಾ ಆಯೋಗ ಇದನ್ನು ಪ್ರಶ್ನಿಸಿತು. ಆ ದೇಶದಲ್ಲಿ ಕಂಪನಿ ಮಾರಾಟವನ್ನೇ ನಿಲ್ಲಿಸಿತ್ತು. 2022ರ ಆಗಸ್ಟ್‌ನಲ್ಲಿ ಫೇಸ್‌ಬುಕ್ಕಿಗೆ ಗಂಟು ಹಾಕದ ‘ಮೆಟಾ ಖಾತೆ’ ಬಂದ ಮೇಲೆ ಕಟ್ಟು ಸಡಿಲವಾಯಿತು. ಖಾತೆ ಮಾತ್ರ ಈಗಲೂ ಬೇಕೇಬೇಕು.

ಇದಕ್ಕಿಂತ ಯೋಚನೆಗೆ ಹಚ್ಚುವುದು ಮೈಯ ಚಲನೆಯ ದಾಖಲೆ. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಸಂಶೋಧಕರು ಐವತ್ತು ಸಾವಿರಕ್ಕೂ ಹೆಚ್ಚು ಬೀಟ್ ಸೇಬರ್ ಆಟಗಾರರ ತಲೆ-ಕೈಗಳ ಚಲನೆಯನ್ನು ಕಂಪ್ಯೂಟರಿಗೆ ಕಲಿಸಿದರು. ಆಮೇಲೆ ಬರೀ ನೂರು ಸೆಕೆಂಡಿನ ಚಲನೆ ಕೊಟ್ಟು ಇದು ಯಾರದ್ದು ಅಂತ ಕೇಳಿದರೆ ನೂರಕ್ಕೆ 94 ಸಲ ಸರಿಯಾಗಿ ಹೇಳಿತು. ಹೆಸರು ಮುಚ್ಚಿಟ್ಟರೂ ಕತ್ತಿ ಬೀಸುವ ಕೈಯೇ ಗುರುತು ಹೇಳಿಬಿಡುತ್ತದೆ. ಆಟ ನಡೆಯಬೇಕಾದರೆ ಈ ಚಲನೆಯನ್ನು ಯಂತ್ರಕ್ಕೆ ಕೊಡಲೇಬೇಕು, ಬಚ್ಚಿಡುವ ದಾರಿಯಿಲ್ಲ. ಫೋನಿನಲ್ಲಿ ಲೊಕೇಶನ್ ಆಫ್ ಮಾಡಿದ ಹಾಗೆ ಇಲ್ಲಿ ಕತ್ತನ್ನು ಆಫ್ ಮಾಡಲಾಗದು.

ಅಗ್ಗದ ಯಂತ್ರದ ಆಯುಸ್ಸೂ ಕಂಪನಿಯ ಕೈಯಲ್ಲಿ. 2019ರ ಮೊದಲ ಕ್ವೆಸ್ಟ್‌ಗೆ ಹೊಸ ಸೌಲಭ್ಯ ನಿಲ್ಲಿಸುವುದಾಗಿ 2023ರ ಜನವರಿಯಲ್ಲೇ ಹೇಳಿ, ಭದ್ರತೆಯ ಅಪ್‌ಡೇಟನ್ನು 2024ರ ಆಗಸ್ಟ್‌ವರೆಗೆ ಅಂತ ಗಡುವು ಹಾಕಿದರು. ಐದು ವರ್ಷ. ಇದಕ್ಕೊಂದು ಗೌರವದ ಅಪವಾದ ಇದೆ: ಮಾರಾಟ ನಿಂತಿದ್ದ ಆಕ್ಯುಲಸ್ ಗೋಗೆ 2021ರ ಅಕ್ಟೋಬರಿನಲ್ಲಿ ಬೀಗ ತೆಗೆದ ಸಾಫ್ಟ್‌ವೇರ್ ಕೊಟ್ಟರು, ಕೊಂಡವರು ತಮಗೆ ಬೇಕಾದ್ದನ್ನು ಹಾಕಿಕೊಳ್ಳಲಿ ಎಂದು. ಅದಕ್ಕಾಗಿ ಒಳಗೆ ವರ್ಷಗಟ್ಟಲೆ ಪಟ್ಟು ಹಿಡಿದವರು ಜಾನ್ ಕಾರ್ಮ್ಯಾಕ್, ಆಕ್ಯುಲಸ್‌ನ ಮುಖ್ಯ ತಂತ್ರಜ್ಞ. 2022ರ ಡಿಸೆಂಬರಿನಲ್ಲಿ ಅವರು ಕಂಪನಿ ಬಿಟ್ಟರು.

ಸೂಟ್‌ಕೇಸಿನಲ್ಲಿ ಬಂದದ್ದು

3ಎಸ್ ಬಿಡುಗಡೆಯಾದಾಗ ಅದನ್ನು ಅಧಿಕೃತವಾಗಿ ಮಾರುವ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಬೆಂಗಳೂರು, ಮೈಸೂರು, ಮಂಗಳೂರಿನ ಮನೆಗಳಿಗೆ ಇಂಥ ಹೆಡ್‌ಸೆಟ್ಟುಗಳು ಬಂದಿರುವುದು ಹೆಚ್ಚಾಗಿ ಅಮೆರಿಕದಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲಿ, ಇಲ್ಲವೇ ಆಮದು ಮಾಡಿ ಆನ್‌ಲೈನ್‌ನಲ್ಲಿ ಮಾರುವವರಿಂದ. ಆಗಿನ ವಿನಿಮಯ ದರದಲ್ಲಿ 300 ಡಾಲರ್ ಅಂದರೆ 25 ಸಾವಿರ ರೂಪಾಯಿ, ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮಿತಿಯೊಳಗೆ ಬರುತ್ತದೆ. ಆಮದುದಾರರಲ್ಲಿ ಅದರ ಮೇಲೆ ಎಷ್ಟು ಸಾವಿರ ಏರುತ್ತದೆ ಅನ್ನುವುದು ಅವರವರ ಚಿತ್ತ. ಹೀಗೆ ತಂದದ್ದಕ್ಕೆ ಇಲ್ಲಿ ವಾರಂಟಿಯ ಆಸರೆ ಇಲ್ಲ. ಕಂಟ್ರೋಲರ್ ಕೆಟ್ಟರೆ ಮತ್ತೆ ಅತ್ತಲಿಂದ ಬರುವವರಿಗೇ ಕಾಯಬೇಕು. ಚಾರ್ಜರಿನ ಚಪ್ಪಟೆ ಪಿನ್ ನಮ್ಮ ಗೋಡೆಗೆ ಹೊಂದದಿದ್ದರೆ ಚಿಂತೆಯಿಲ್ಲ, ಟೈಪ್-ಸಿಯ ಒಳ್ಳೆಯ ಮೊಬೈಲ್ ಚಾರ್ಜರ್ ಸಾಕು. ಕಂಟ್ರೋಲರಿಗೆ ಬೇಕಾದ್ದು ಗೋಡೆ ಗಡಿಯಾರಕ್ಕೆ ಹಾಕುವಂಥ ಡಬಲ್-ಎ ಸೆಲ್, ಒಂದಕ್ಕೆ ಒಂದು.

ಹೊಸದಕ್ಕಿಂತ ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಬಹಳ, ಕೆಲವೇ ವಾರ ಆಡಿ ಕಪಾಟಿಗೆ ಸೇರಿದ ಹೆಡ್‌ಸೆಟ್ಟುಗಳಿಗೆ ಬರವಿಲ್ಲವಾದ್ದರಿಂದ. ಕೊಳ್ಳುವ ಮುಂಚೆ ಬಿಳಿ ಪರದೆಯ ಯಾವುದಾದರೂ ಪುಟ ತೆರೆಸಿ ಒಳಗೆ ಇಣುಕಬೇಕು. ಹಳದಿ ಅಥವಾ ಕಪ್ಪು ಮಚ್ಚೆ, ಸಣ್ಣ ಗೆರೆ ಕಂಡರೆ ಅದು ಬಿಸಿಲಿನ ಸುಟ್ಟಗಾಯ. ಹೆಡ್‌ಸೆಟ್ಟನ್ನು ಲೆನ್ಸ್ ಮೇಲಾಗಿ ಕಿಟಕಿಯ ಪಕ್ಕ ಇಟ್ಟು ಮರೆತರೆ ಸ್ವಲ್ಪ ಹೊತ್ತಿನ ಎಳೆಬಿಸಿಲೂ ಭೂತಗನ್ನಡಿಯಲ್ಲಿ ಕೂಡಿದಂತೆ ಕೂಡಿ ಪರದೆಯನ್ನು ಸುಡುತ್ತದೆ, ರಿಪೇರಿ ಇಲ್ಲ. ಲೆನ್ಸಿನ ಗೀರುಗಳನ್ನು ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದು ನೋಡಬೇಕು. ಮಾರುವವರ ಖಾತೆಯಿಂದ ಹೆಡ್‌ಸೆಟ್ಟನ್ನು ಅವರ ಕೈಯಲ್ಲೇ ತೆಗೆಸಿ, ಫ್ಯಾಕ್ಟರಿ ರೀಸೆಟ್ ಮಾಡಿಸಿ, ನಿಮ್ಮ ಖಾತೆ ಒಳಹೋಗುವುದನ್ನು ಕಂಡ ಮೇಲೆ ದುಡ್ಡು ಕೊಡಿ. ಅದಕ್ಕೂ ಮೊದಲು ಹತ್ತಿರದ ಕನ್ನಡಕದ ಅಂಗಡಿಗೆ ಹೋಗಿ ಕಣ್ಣಂತರ ಅಳೆಸಿಕೊಂಡು ಬನ್ನಿ. ಮನೆಯಲ್ಲಿ ಯಾರ್‍ಯಾರು ಹಾಕಿಕೊಳ್ಳುತ್ತಾರೋ ಅಷ್ಟೂ ಜನರದ್ದು. 57ರಿಂದ 69ರ ಒಳಗಿದ್ದರೆ 3ಎಸ್ ನೋಡಬಹುದು. ಅದರ ಆಚೀಚೆ ಇದ್ದವರು ಗಾಲಿ ತಿರುಗಿಸುವ ಕ್ವೆಸ್ಟ್ 3ಕ್ಕೆ ದುಡ್ಡು ಕೂಡಿಡುವುದೇ ಲೇಸು.